ಸಾಲಕ್ಕೆ ಕಾಲಂ ಇಲ್ಲದ ಕಾಲುವೆ

ಚಳಿ ಹಿಂದಕ್ಕೆ ಸರಿದು ಬಿಸಿಲು ಇನ್ನೂ ಬಲಿಯದಿದ್ದ ದಿನಗಳು. ಕಾಲುವೆಗೆ ನೀರು ಬಿಟ್ಟಾಗಿತ್ತು. ಮೇಲಿನ ಹೊಲಗಳಲ್ಲಿ ಈರುಳ್ಳಿ ನಾಟಿ ನಡೆದು, ಬಗ್ಗಿದ ಹೆಂಗಸರು ಬಗ್ಗಿದಂತೆಯೇ ಮಾತಾಡುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಕೆಳಗಿನ ಹೊಲದಲ್ಲಿ ಅತ್ತೆ ಮೆಣಸಿನ ಸಸಿಮಡಿಯ ಸುತ್ತ ಸಲಿಕೆಯಿಂದ ಬದು ಏರಿಸುತ್ತಿದ್ದರು. ಊರಿಗೆಲ್ಲ ಅವರು ದೊಡ್ಡಮ್ಮ. ಒಬ್ಬನಿಗೆ ಮಾತ್ರ ಅತ್ತೆ. ಕಥೆ ಆ ಒಬ್ಬನದಾದ್ದರಿಂದ ನಾವೂ ಅತ್ತೆ ಎಂದೇ ಕರೆಯೋಣ. ಸಸಿಗಳು ಹೆಬ್ಬೆರಳುದ್ದ ಎದ್ದಿದ್ದವು. ಆ ವಯಸ್ಸಿನ ಮೆಣಸಿನ ಸಸಿ ಬಲು ಕಿರಿಕಿರಿಯ ಜೀವ. ನೀರು ತುಸು ತಡವಾದರೆ ತಲೆ ಬಾಗಿಸುತ್ತದೆ, ತುಸು ಹೆಚ್ಚಾದರೆ ಬುಡ ಕೊಳೆಸಿಕೊಳ್ಳುತ್ತದೆ. ಅತ್ತೆಯ ಪ್ರಕಾರ ಅಳಿಯನೂ ಅದೇ ತಳಿ.

ಅಳಿಯನೆಂದರೆ ಮನೆ ಅಳಿಯ. ಪಟ್ಟಣದಲ್ಲಿ ಒಂದು ಬಸ್ ಕಂಪನಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಟಿಕೆಟಿನ ಪ್ರೋಗ್ರಾಂ ಬರೆದುಕೊಂಡಿದ್ದ. ಬಸ್ಸುಗಳು ಒಂದೊಂದಾಗಿ ನಿಂತವು, ಕಡೆಗೆ ಕಂಪನಿಯೂ ನಿಂತಿತು. ಹೆಂಡತಿಯ ಊರಿನ ನೀರಿನ ಸಂಘಕ್ಕೆ ಕಂಪ್ಯೂಟರ್ ಬಲ್ಲವರೊಬ್ಬರು ಬೇಕಾಗಿದ್ದರು. ಬಂದ ಹೊಸದರಲ್ಲಿ ಯಾರು ಏನು ಕೇಳಿದರೂ "ಅದು ಜಾವಾದಲ್ಲಿ ಆಗುತ್ತೆ" ಎನ್ನುತ್ತಿದ್ದ. ನಾದಿನಿ ತಮಾಷೆಗೆ 'ಜಾವಾ ಭಾವ' ಎಂದಳು. ಆಮೇಲೆ ಊರಿನ ಮುದುಕರೂ ಭಾವ ಎಂದೇ ಕರೆದರು. ಅವನು ಅದನ್ನು ಬಿರುದೆಂದು ತಿಳಿದ.

ಸಂಘದ ಕಚೇರಿ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿತ್ತು. ಗಿರಣಿ ತಿರುಗುವಾಗ ಮೇಜು ನಡುಗಿ ಮೌಸು ತಾನಾಗಿ ಅಂಚಿಗೆ ನಡೆದು ಬರುತ್ತಿತ್ತು. ಸಂಜೆ ಮನೆಗೆ ಹೋದಾಗ ಭಾವನ ಹುಬ್ಬುಗಳು ಹಿಟ್ಟು ಕೂತು ಬೆಳ್ಳಗಿರುತ್ತಿದ್ದವು. ದುಡಿಮೆಯ ಗುರುತು ಎಂದು ಅವನು ಒರೆಸಿಕೊಳ್ಳುತ್ತಿರಲಿಲ್ಲ. ಅತ್ತೆ ನೋಡಿಯೂ ನೋಡದಂತೆ ಹಾಲು ಕೊಡುತ್ತಿದ್ದರು. ಅವನ ಲೋಟಕ್ಕೆ ಮಾತ್ರ ಕೆನೆ ಬೀಳುತ್ತಿರಲಿಲ್ಲ.

ಆ ವರ್ಷ ಕಾಲುವೆ ಇಲಾಖೆಯವರು ಪ್ರತಿ ಹೊಲದ ತೂಬಿಗೂ ಮೋಟಾರು ಕೂರಿಸಿದ್ದರು. ಮೊದಲೆಲ್ಲ ನೀರುಗಂಟಿ ಸೀಟಿ ಊದಿ, ಕೈಯಿಂದ ತೂಬು ತಿರುವಿ, ಹೊಲದಿಂದ ಹೊಲಕ್ಕೆ ಸರದಿಯಂತೆ ನೀರು ಬಿಡುತ್ತಿದ್ದ. ಈಗ ಸಂಘದ ಕಂಪ್ಯೂಟರು ಸರದಿಯನ್ನು ಇಲಾಖೆಯ ಕಂಪ್ಯೂಟರಿಗೆ ಕಳಿಸಬೇಕು; ಅದು ತೂಬು ತೆರೆಯಬೇಕು, ಮುಚ್ಚಬೇಕು. ಯಂತ್ರಗಳೆರಡರ ಈ ಮಾತುಕತೆಗೆ ವೆಬ್ ಸರ್ವೀಸ್ ಎಂದು ಹೆಸರು. ನೀರುಗಂಟಿಗೆ ಸಂಬಳ ಇತ್ತು, ಕೆಲಸ ಇರಲಿಲ್ಲ. ಆದರೂ ತೂಬು ತೆರೆಯುವ ಹೊತ್ತಿಗೆ ಪಕ್ಕದಲ್ಲಿ ನಿಂತು ತಪ್ಪದೆ ಸೀಟಿ ಊದುತ್ತಿದ್ದ. ಮೋಟಾರು ತನ್ನ ಸೀಟಿಗೆ ಹೆದರಿಯೇ ತಿರುಗುತ್ತದೆಂದು ಅವನು ನಂಬಿದ್ದ.

ಇದನ್ನೆಲ್ಲ ತಂದವರು ಕಾಲುವೆ ಸಾಹೇಬರು. ಅವರ ಕ್ವಾರ್ಟರ್ಸು ಅತ್ತೆಯ ಹೊಲದ ಕೆಳಗೇ ಇತ್ತು. ಕಾಂಪೌಂಡಿನೊಳಗೆ ಟೊಮೇಟೊ ಬೆಳೆದಿದ್ದರು. ಹಣ್ಣಾದರೆ ಮೇಲಧಿಕಾರಿಗಳಿಗೆ ಒಂದೊಂದು ಬುಟ್ಟಿ ಕಳಿಸುವ ಆಸೆ. ಆದರೆ ಕ್ವಾರ್ಟರ್ಸು ಹೊಲವಲ್ಲವಲ್ಲ, ಅವರದೇ ಪಟ್ಟಿಯಲ್ಲಿ ಅವರದೇ ಟೊಮೇಟೊಗೆ ನಂಬರಿರಲಿಲ್ಲ. ದಿನಾ ಸಂಜೆ ನಲ್ಲಿಯಿಂದ ಬಕೆಟ್ ಹೊತ್ತು ಸಾಹೇಬರ ಸೊಂಟ ಬಾಗಿತ್ತು, ಗಿಡ ಹಳದಿಯಾಗಿತ್ತು.

ಗಿರಣಿಯ ಅಂಗಳದಲ್ಲಿ ಊರನ್ನು ಸೇರಿಸಿ ಸಾಹೇಬರು ಹೇಳಿದರು:

"ಹೊಲದ ನಂಬರು, ಶುರುವಾಗೋ ಹೊತ್ತು, ಎಷ್ಟು ಗಂಟೆ. ಮೂರೇ ಕಾಲಂ. ಇಷ್ಟು ಪಟ್ಟಿ ಮಾಡಿ ಕಳಿಸಿದ್ರೆ ಸಾಕು."

ಗಿರಣಿಯವ ಎದ್ದು ನಿಂತ. ಜೀವನವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿದ ಆಸಾಮಿ. ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. "ಕೈಗಡ ಎಲ್ಲಿ ಬರೀತೀರಿ ಸಾಹೇಬ್ರೇ?"

"ಏನು ಕೈಗಡ?"

"ನೀರಿನ ಕೈಗಡ. ನನ್ನ ಜೋಳ ತೆನೆ ಬಿಡೋ ಹೊತ್ತಿಗೆ ಬಾಡಿದ್ರೆ ಮೇಷ್ಟ್ರು ತಮ್ಮ ಸರದಿ ನನಗೆ ಬಿಡ್ತಾರೆ. ಅವರಿಗೆ ಬೇಕಾದಾಗ ನನ್ನ ಸರದಿ ನಾನು ಅವರಿಗೆ ಬಿಡ್ತೀನಿ. ಅಜ್ಜನ ಕಾಲದಿಂದ ಹಿಂಗೇ."

"ಅದು ನಡೆಯಲ್ಲ. ಒಂದು ಹೊಲಕ್ಕೆ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ನೀರು ಹೋದ್ರೆ ಮಷೀನು ಅದನ್ನ ಅಕ್ರಮ ಅಂತ ತೋರಿಸುತ್ತೆ. ನನ್ನ ಪಟ್ಟಿಯಲ್ಲಿ ಸಾಲಕ್ಕೆ ಕಾಲಂ ಇಲ್ಲ."

ಅಂಗಳ ಗುಜುಗುಜು ಎಂದಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಭಾವನಿಗೆ ಆ ಗುಜುಗುಜಿನಲ್ಲಿ ತನಗೊಂದು ಜಾಗ ಕಂಡಿತು. ಎದ್ದ.

"ಸಾರ್, ಬರೀ ಪಟ್ಟಿ ಸಾಕಾಗಲ್ಲ. ಸರದಿ ಅನ್ನೋದಕ್ಕೇ ನಾನೊಂದು ಟೈಪ್, ಅಂದ್ರೆ ಒಂದು ಅಚ್ಚು, ಮಾಡ್ತೀನಿ. ನಮ್ಮದೇ ಟೈಪ್. ಊರಲ್ಲಿ ಏನೇನಿದೆಯೋ ಎಲ್ಲ ಅದರೊಳಗೆ ಹಿಡಿಯುತ್ತೆ. ಅಂಥ ಸರದಿಗಳ ಒಂದು ಕಟ್ಟು ಮಾಡಿ ನಿಮ್ಮ ಮಷೀನಿಗೆ ಕಳಿಸ್ತೀನಿ. ಜಾವಾದಲ್ಲಿ ಆಗುತ್ತೆ."

"ಮಾಡಿ. ನನ್ನ ಮಷೀನು ತಗೊಂಡ್ರೆ ತಗೊಳ್ಳಲಿ," ಎಂದು ಸಾಹೇಬರು ಸ್ಕೂಟರ್ ಹತ್ತಿದರು.

ಊರಲ್ಲಿ ಏನೇನಿದೆ ಎಂಬುದು ಭಾವನಿಗೆ ಗೊತ್ತಿರಲಿಲ್ಲ. ತಿಳಿಸಲು ಊರು ಬೆಳಗಾಗುತ್ತಲೇ ಬಂತು.

ಮೊದಲು ಬಂದವರು ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ಮುಂದೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಭಾವನೂ ನಿಂತ.

"ನಾನು ಗಿರಣಿಯವನಿಗೆ ಕೊಟ್ಟದ್ದನ್ನ ಒಂದು ಗಂಟೆ ಅಂತ ಬರೀಬೇಡ. ನಸುಕಿನ ಒಂದು ಗಂಟೆ ಅಂತ ಬರಿ. ಮೊನ್ನೆ ಅವನು ಮಧ್ಯಾಹ್ನದ ಗಂಟೆ ವಾಪಸ್ ಕೊಡೋಕೆ ಬಂದಿದ್ದ. ಮಧ್ಯಾಹ್ನದ ನೀರಲ್ಲಿ ಅರ್ಧ ಬಿಸಿಲು ಕುಡಿಯುತ್ತೆ, ಉಳಿದದ್ದರಲ್ಲಿ ಅರ್ಧ ನೆಲದ ಬಿರುಕು ಕುಡಿಯುತ್ತೆ. ನನಗೆಷ್ಟು ಉಳೀತು, ಹೇಳು ನೋಡೋಣ."

"ಕಾಲು ಭಾಗ, ಮೇಷ್ಟ್ರೇ."

"ಕೂತ್ಕೋ."

ಆಮೇಲೆ ಮೇಲಿನ ಹೊಲದ ಹೆಂಗಸೊಬ್ಬಳು ಬಂದಳು. ಅವಳ ಹೊಲದ ಕಾಲುವೆ ಓರಗಿತ್ತಿಯ ಹೊಲದೊಳಗಿಂದ ಬರಬೇಕು, ಓರಗಿತ್ತಿಯ ಜೊತೆ ಮಾತಿಲ್ಲ. ಬದು ಒಡೆದರೆ ಹೇಳಿ ಕಳಿಸಲು ಮೂರನೆಯವರು ಬೇಕು. ಭಾವ ಟೈಪಿನಲ್ಲಿ 'ಮಾತು: ಇದೆ / ಇಲ್ಲ' ಎಂದು ಒಂದು ಮನೆ ಮಾಡಿದ. "ಸದ್ಯಕ್ಕೆ ಇಲ್ಲ ಅಂತ ಹಾಕಿರು," ಎಂದಳು ಅವಳು. "ಅವಳ ಮಗಳ ಮದುವೆಗೆ ಕರೀತಾಳೋ ಇಲ್ವೋ ನೋಡಿ ಆಮೇಲೆ ಬದಲಾಯಿಸೋಣ."

ನೀರುಗಂಟಿ ಬಂದು ಸೀಟಿಗೂ ಒಂದು ಮನೆ ಬೇಕೆಂದ. "ಒಂದು ಸಲ ಊದಿದ್ರೆ ತೆರೀತು ಅಂತ. ಎರಡು ಸಲ ಊದಿದ್ರೆ ಮುಚ್ಚಿತು ಅಂತ."

"ಮೂರು ಸಲ?"

"ನನಗೆ ಹಸಿವಾಗಿದೆ ಅಂತ. ಅದನ್ನೂ ಹಾಕಿ."

ಭಾವ ಹಾಕಿದ. ಕಡೆಗೆ ಕೈಗಡದ ಸರದಿ ಬಂತು. ಅತ್ತೆ ಮೇಷ್ಟ್ರಿಗೆ ನೀರು ಕೊಟ್ಟಿದ್ದರು, ಮೇಷ್ಟ್ರು ಗಿರಣಿಯವನಿಗೆ, ಗಿರಣಿಯವ ಅತ್ತೆಗೆ. ಯಾರದನ್ನು ಯಾರೂ ಇನ್ನೂ ತೀರಿಸಿರಲಿಲ್ಲ. ಭಾವ ಯೋಚಿಸಿ, ಸಾಲ ಪಡೆದವರ ಸರದಿಯೊಳಗೆ ಸಾಲ ಕೊಟ್ಟವರ ಸರದಿಯನ್ನು ಇಡಿಯಾಗಿ ಇಟ್ಟುಬಿಟ್ಟ. ಚೀಲದೊಳಗೆ ಚೀಲ ಇಟ್ಟ ಹಾಗೆ. ಇದರಿಂದ ಅವನಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿಗೆ ವಿವರಿಸಿದ. ಅವಳು ಬಟಾಣಿ ಸುಲಿಯುತ್ತಿದ್ದಳು.

"ಅಂದ್ರೆ ಅಮ್ಮನ ಚೀಲದೊಳಗೆ ಗಿರಣಿಯವರು. ಅವರೊಳಗೆ ಮೇಷ್ಟ್ರು. ಮೇಷ್ಟ್ರೊಳಗೆ ಯಾರ್ರೀ?"

"ಅತ್ತೆ."

"ಅಮ್ಮನೊಳಗೆ ಮತ್ತೆ ಗಿರಣಿಯವರು?"

"ಅದೆಲ್ಲ ಮಷೀನಿಗೆ ಬಿಟ್ಟದ್ದು. ಮಷೀನು ಬುದ್ಧಿವಂತ."

"ಇಬ್ಬರಲ್ಲಿ ಒಬ್ಬರಾದ್ರೂ ಇರಬೇಕಲ್ಲ," ಎಂದು ಅವಳು ಬಟಾಣಿಯ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮೊದಲ ಸರದಿ ಅತ್ತೆಯದು. ಭಾವ ಕೈ ತೊಳೆದುಕೊಂಡು ಬಂದು, ಊರಿನ ಸರದಿಗಳ ಕಟ್ಟನ್ನು ಇಲಾಖೆಯ ಯಂತ್ರಕ್ಕೆ ಕಳಿಸುವ ಗುಂಡಿ ಒತ್ತಿದ. ಅತ್ತೆಯ ತೂಬು ತೆರೆಯಿತು. ನೀರುಗಂಟಿ ಸೀಟಿ ಊದಿದ. ಎಲ್ಲ ಸರಿಯಾಗಿತ್ತು.

ಸಂಘದ ಯಂತ್ರವೇನೋ ಪ್ರಾಮಾಣಿಕ. ಚೀಲ ಕೊಟ್ಟರೆ ಬಿಚ್ಚಿ ನೋಡಿ, ಒಳಗಿದ್ದುದನ್ನೆಲ್ಲ ಬರೆದೇ ಕಳಿಸಬೇಕು. ಅತ್ತೆಯ ಚೀಲ ಬಿಚ್ಚಿತು, ಗಿರಣಿಯವ ಸಿಕ್ಕಿದ. ಗಿರಣಿಯವನನ್ನು ಬಿಚ್ಚಿತು, ಮೇಷ್ಟ್ರು ಸಿಕ್ಕರು. ಮೇಷ್ಟ್ರನ್ನು ಬಿಚ್ಚಿದರೆ ಅತ್ತೆ. ಅತ್ತೆಯನ್ನು ಬಿಚ್ಚಿದರೆ ಮತ್ತೆ ಗಿರಣಿಯವ. ಯಂತ್ರ ಬೇಸರಪಡಲಿಲ್ಲ. ಬಿಚ್ಚುತ್ತಲೇ ಹೋಯಿತು, ಬರೆಯುತ್ತಲೇ ಹೋಯಿತು. ಅದರ ಫ್ಯಾನು ಗಿರಣಿಯನ್ನು ಮೀರಿಸಿ ಕೂಗತೊಡಗಿ, ತಿಂಗಳುಗಳಿಂದ ಹೊಟ್ಟೆಯಲ್ಲಿ ಸೇರಿದ್ದ ಹಿಟ್ಟನ್ನೆಲ್ಲ ಭಾವನ ಮುಖಕ್ಕೆ ಉಗುಳಿತು. ಗಿರಣಿಯವ ಬಾಗಿಲಲ್ಲಿ ಇಣುಕಿದ. "ಏನ್ ಭಾವ, ನೀವೂ ಬೀಸೋಕೆ ಶುರು ಮಾಡಿದ್ರಾ?"

ಅಷ್ಟರಲ್ಲಿ ಇಲಾಖೆಯ ಯಂತ್ರ ಆ ಮುಗಿಯದ ಬರಹವನ್ನು ನುಂಗಿ ನುಂಗಿ ಉಬ್ಬಸ ಹತ್ತಿ ನಿಂತುಹೋಗಿತ್ತು. ಆಗ ಯಾವ ತೂಬು ತೆರೆದಿತ್ತೋ ಅದು ತೆರೆದೇ ಉಳಿಯಿತು. ತೆರೆದಿದ್ದುದು ಅತ್ತೆಯ ತೂಬು.

ಹೊಲದಲ್ಲಿ ಅತ್ತೆಯ ಗಂಟೆ ಮುಗಿಯಿತು. ನೀರುಗಂಟಿ ಎರಡು ಸಲ ಸೀಟಿ ಊದಿದ. ತೂಬು ಮುಚ್ಚಲಿಲ್ಲ. ಮತ್ತೆರಡು ಸಲ ಊದಿದ. ಕೆನ್ನೆ ನೋಯುವವರೆಗೆ ಊದಿ, ಯಾವ ಪ್ರಯೋಜನವೂ ಕಾಣದೆ, ಕಡೆಗೆ ಮೂರು ಸಲ ಊದಿ ಬದುವಿನ ಮೇಲೆ ಕುಳಿತುಬಿಟ್ಟ. ನೀರು ಅತ್ತೆಯ ಈರುಳ್ಳಿ ಮಡಿ ತುಂಬಿ ಸಸಿಮಡಿಯ ಕಡೆ ತಿರುಗಿತು. ಅತ್ತೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದು ಕಡೆ ಬದು ಏರಿಸುವುದು, ಇನ್ನೊಂದು ಕಡೆ ಕಡಿದು ನೀರನ್ನು ದಾರಿಗೆ ಬಿಡುವುದು, ಹೀಗೆ ಒಬ್ಬರೇ ಒದ್ದಾಡುತ್ತಿದ್ದರು.

ಮುಂದಿನ ಸರದಿಯವರು ಸಲಿಕೆ ಹೆಗಲಿಗಿಟ್ಟು ಕಾಲುವೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಕಾಲುವೆ ಅವರ ಹೊಲಗಳ ಮುಂದೆ ಒಣಗಿತ್ತು, ಅತ್ತೆಯ ಹೊಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ದೊಡ್ಡಮ್ಮನಿಗೆ ಇವತ್ತು ನೀರು ಚೆನ್ನಾಗಿದೆ."

"ಇರದೆ ಏನು. ಅಳಿಯ ಮನೇಲಿದ್ರೆ ಕಾಲುವೆನೂ ಮನೇಲೇ."

"ಅದಕ್ಕೇ ಅಲ್ವಾ ಮನೆ ಅಳಿಯನ್ನ ಮಾಡ್ಕೊಂಡದ್ದು."

"ನೀರುಗಳ್ಳಿ," ಎಂದು ಯಾರೋ ಮೆಲ್ಲಗೆ ಅಂದರು. ನೀರಿನ ಮೇಲೆ ಮೆಲುಮಾತು ದೂರ ಹೋಗುತ್ತದೆ. ಅತ್ತೆಯ ಸಲಿಕೆ ಒಂದು ಗಳಿಗೆ ನಿಂತಿತು. ಬೇರೆಯವರ ಸರದಿಯ ಒಂದು ತಂಬಿಗೆ ನೀರನ್ನೂ ಕೇಳದೆ ಮುಟ್ಟಿದವರಲ್ಲ ಅವರು. ಮತ್ತೆ ಮಣ್ಣು ಎಳೆದರು.

ಆಗ ದಾರಿಯಲ್ಲಿ ತಲೆಯಿಂದ ಕಾಲಿನವರೆಗೆ ಬೆಳ್ಳಗಿನ ಆಕೃತಿಯೊಂದು ಓಡಿ ಬಂತು. ಏರಿಯ ಮೇಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ಅತ್ತೆ, ಲೂಪ್ ಆಗಿಬಿಟ್ಟಿದೆ. ನಿಮ್ಮೊಳಗೆ ಗಿರಣಿಯವರು, ಗಿರಣಿಯವರೊಳಗೆ ಮೇಷ್ಟ್ರು..."

"ಯಾರೊಳಗೆ ಯಾರಾದ್ರೂ ಇರಲಿ ಅಳಿಯಂದ್ರೇ. ಮೊದಲು ಇದನ್ನ ನಿಲ್ಲಿಸಿ. ಸಸಿ ಮುಳುಗ್ತಿದೆ."

ಮೋಟಾರು ಬಂದ ಮೇಲೆ ತೂಬನ್ನು ಕೈಯಿಂದ ತಿರುವುವ ಹಿಡಿ ಸಾಹೇಬರ ಬಳಿ ಇತ್ತು, ಸಾಹೇಬರು ಕಚೇರಿಯಲ್ಲಿದ್ದರು. ಭಾವ ಸುತ್ತ ನೋಡಿದ. ಬೇರೇನೂ ತೋಚದೆ ತೂಬಿನ ಬಾಯಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಅರ್ಧ ನೀರು ನಿಂತಿತು, ಅರ್ಧ ಅವನ ಎರಡೂ ಕಂಕುಳ ಕೆಳಗಿನಿಂದ ಚಿಮ್ಮಿತು. ಮೈಮೇಲಿನ ಹಿಟ್ಟು ನೆನೆದು ಅಂಟಾಯಿತು. ಸಾಹೇಬರು ಹಿಡಿ ತಂದು ತೂಬು ಮುಚ್ಚುವವರೆಗೂ ಅವನು ಏಳಲಿಲ್ಲ. ಮುಚ್ಚಿದ ಮೇಲೆ ಏಳಲು ಆಗಲಿಲ್ಲ, ಇಬ್ಬರು ಹಿಡಿದೆಬ್ಬಿಸಿದರು.

ಆ ಮಧ್ಯಾಹ್ನ ಗಿರಣಿಯ ಅಂಗಳದಲ್ಲಿ ವಿಚಾರಣೆ. ಭಾವ ಒಣಗುತ್ತ ಒಂದು ಮೂಲೆಯಲ್ಲಿ ನಿಂತಿದ್ದ. ಹಿಟ್ಟು ಗಟ್ಟಿಯಾಗಿ ಅಂಗಿ ಬಡಿದರೆ ಸದ್ದು ಬರುವಂತಿತ್ತು.

"ಮತ್ತೆ ಹಾಕಿದ ಕೂಡ್ಲೇ ಮಷೀನು ತೋರಿಸಿದೆ," ಎಂದರು ಸಾಹೇಬರು. "ಈ ಹೊಲಕ್ಕೆ ಹೆಚ್ಚುವರಿ ನೀರು ಹೋಗಿದೆ. ಅಕ್ರಮ. ಅಷ್ಟು ನೀರು ವಜಾ ಆಗೋವರೆಗೆ ಈ ಹೊಲದ ಸರದಿಗಳು ರದ್ದು. ಇನ್ನು ಈ ಚೀಲದೊಳಗಿನ ಚೀಲ ಎಲ್ಲ ನಿಲ್ಲಿಸಿ. ನೀವು ಮೂವರೂ ಒಬ್ಬರಿಗೊಬ್ಬರು ಒಂದೊಂದು ಗಂಟೆ ಕೊಡಬೇಕು ತಾನೆ? ಹೊಡೆದು ಹಾಕಿ. ಸೊನ್ನೆ. ಮುಗೀತು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಸೊನ್ನೆ ಹೇಗೆ ಬಂತು? ಬಿಡಿಸಿ ತೋರಿಸಿ."

"ಒಂದರಲ್ಲಿ ಒಂದು ಕಳೆದ್ರೆ ಸೊನ್ನೆ, ಸಾರ್."

"ನನ್ನ ಹೆಂಡತಿ ಆಸ್ಪತ್ರೇಲಿದ್ದಾಗ, ಕೋಸು ನೋಡೋರಿಲ್ಲದೆ ಒಣಗ್ತಿದ್ದಾಗ, ದೊಡ್ಡಮ್ಮ ನೀರು ಬಿಟ್ರು. ಅದನ್ನ ಯಾವುದರಲ್ಲಿ ಕಳೀತೀರಿ?"

ಗಿರಣಿಯವ ಎದೆ ತಟ್ಟಿಕೊಂಡು ಕೂಗಿದ. "ದೊಡ್ಡಮ್ಮನಿಗೆ ಸಾಲ ಕೊಟ್ಟವನು ಊರಲ್ಲಿ ನಾನೊಬ್ಬನೇ ಸಾಹೇಬ್ರೇ. ಅವರು ಬೀದೀಲಿ ಸಿಕ್ಕಾಗ ನನ್ನ ನೋಡಿ ನಿಂತು ಮಾತಾಡ್ಸೋದೇ ಅದಕ್ಕೆ. ಅದನ್ನೂ ಹೊಡೆದು ಹಾಕಿದ್ರೆ ನನಗೇನು ಉಳೀತು?"

ಅತ್ತೆ ಕೆಸರು ಕಾಲಲ್ಲೇ ಮುಂದೆ ಬಂದರು. "ಇವತ್ತು ನನ್ನ ಹೊಲಕ್ಕೆ ನುಗ್ಗಿದ್ದು ಏರಿ ಮೇಲೆ ಕಾದವರ ನೀರು. ಕದ್ದದ್ದಲ್ಲ. ಅದೂ ಕೈಗಡ. ಒಬ್ಬೊಬ್ಬರಿಗೂ ವಾಪಸ್ ಕೊಡ್ತೀನಿ. ಬರ್ಕೊಳ್ಳಿ ಅಳಿಯಂದ್ರೇ."

"ಎಲ್ಲಿ ಬರ್ಕೊಳ್ಳೋದು ಅಮ್ಮಾ? ಕಾಲಂ ಇಲ್ಲ ಅಂದೆನಲ್ಲ," ಎಂದರು ಸಾಹೇಬರು.

"ಇದ್ದಿದ್ರೆ?"

"ಇದ್ದಿದ್ರೆ ಸಾಲ ಅಂತ ಆಗ್ತಿತ್ತು."

"ಇಲ್ದಿದ್ರೆ?"

ಸಾಹೇಬರು ಗಿರಣಿಯ ಬೆಲ್ಟಿನ ಕಡೆ ನೋಡಿದರು. "ಅಕ್ರಮ."

ಹೀಗೆ ಒಂದು ಬಾಳಿನ ಮರ್ಯಾದೆ ಒಂದು ಕಾಲಮ್ಮಿಗೆ ಬಂದು ನಿಂತಿತು. ಮೂಲೆಯಲ್ಲಿ ಅಂಗಿ ಸದ್ದು ಮಾಡಿತು. ಭಾವ ಎದುರಿಗೆ ಬಂದಿದ್ದ.

"ಸಾರ್, ನಾನು ಮೂರು ಕಾಲಮ್ಮಿನ ಪಟ್ಟಿ ಕಳಿಸಲ್ಲ."

"ಕಳಿಸದಿದ್ರೆ ಕೆಲಸ ಬಿಡಿ."

"ಬಿಡೋದೂ ಇಲ್ಲ. ತಪ್ಪು ನನ್ನ ಪ್ರೋಗ್ರಾಮಿಂದು, ನಮ್ಮ ಟೈಪಿಂದಲ್ಲ. ತಿದ್ದಿ ಅದನ್ನೇ ಕಳಿಸ್ತೀನಿ. ನಿಮ್ಮ ಮಷೀನು ಬೇಡ ಅಂದ್ರೆ ದಿನಾ ಕಳಿಸ್ತೀನಿ."

ಇನ್ನೂ ದೊಡ್ಡ ಮಾತು ಆಡುವವನಿದ್ದ, ಸೀನು ಬಂತು. ಒಣಗಿದ ಹಿಟ್ಟು ಸಿಡಿದು ಅಂಗಳವೆಲ್ಲ ಒಮ್ಮೆ ಬೆಳ್ಳಗಾಯಿತು. ಸಾಹೇಬರು ಕೋಟು ಕೊಡವಿಕೊಳ್ಳುತ್ತ ಹೊರಟುಹೋದರು. ಆ ಸಂಜೆ ಅತ್ತೆ ಒಲೆಯ ಮುಂದಿನಿಂದಲೇ ಮಗಳಿಗೆ ಹೇಳಿದರು, "ಅಳಿಯಂದ್ರ ಲೋಟಕ್ಕೆ ಕೆನೆ ಹಾಕು." ನಾದಿನಿ ಇದನ್ನು ಬೆಳಗಾಗುವುದರೊಳಗೆ ಬೀದಿಗೆಲ್ಲ ತಲುಪಿಸಿದಳು.

ಭಾವ ಕೋಣೆಯಲ್ಲಿ ಕೂತು ತಲೆ ಕೆರೆದುಕೊಂಡ. ಆಚೆ ಕೋಣೆಯಲ್ಲಿ ಗಿರಣಿಯವ ಯಾರ ಮೇಲೋ ಕೂಗಾಡುತ್ತಿದ್ದ. ಗಿರಾಕಿಯೊಬ್ಬ ತನ್ನ ಗೋಧಿಯ ಚೀಲ ಬಿಟ್ಟು ಕದಲುವುದಿಲ್ಲವೆಂದು ಕುಳಿತಿದ್ದ, ಯಾರದೋ ಹಿಟ್ಟು ಯಾರಿಗೋ ಹೋದೀತೆಂದು.

"ಚೀಲದೊಳಗೆ ನೀನೇ ಕೂರಬೇಕಾ? ನಂಬರಿನ ಬಿಲ್ಲೆ ಕಟ್ಟಿದೀನಿ. ಇನ್ನೊಂದು ಬಿಲ್ಲೆ ನಿನ್ನ ಕೈಲಿದೆ. ಸಾಲದಾ?"

ತಲೆ ಕೆರೆಯುತ್ತಿದ್ದ ಭಾವನ ಕೈ ಹಾಗೆಯೇ ನಿಂತಿತು.

ಅವನು ಬರೆದದ್ದಕ್ಕೆ ಆ ಕಸುಬಿನಲ್ಲಿ ಅಡಾಪ್ಟರ್ ಎನ್ನುತ್ತಾರೆ. ಹೋಗುವಾಗ ಊರಿನ ಕಟ್ಟನ್ನು ಬಿಚ್ಚಿ ಸಾಲುಸಾಲಾಗಿ ಹರಡುವುದು, ಬರುವಾಗ ಸಾಲುಗಳನ್ನು ಮತ್ತೆ ಊರಿನ ಕಟ್ಟಾಗಿ ಕಟ್ಟುವುದು, ಇಷ್ಟೇ ಅದರ ಕೆಲಸ. ಈ ಸಲ ಸಾಲ ಕೊಟ್ಟವರನ್ನು ಯಾರ ಚೀಲದೊಳಗೂ ತುರುಕಲಿಲ್ಲ. ಅತ್ತೆಯ ಸರದಿಗೆ ಗಿರಣಿಯವನ ಹೊಲದ ನಂಬರನ್ನು ಬಿಲ್ಲೆಯಂತೆ ಕಟ್ಟಿದ. ಗಿರಣಿಯವನಿಗೆ ಮೇಷ್ಟ್ರ ಬಿಲ್ಲೆ. ಮೇಷ್ಟ್ರಿಗೆ ಅತ್ತೆಯ ಬಿಲ್ಲೆ. ಏರಿಯ ಮೇಲೆ ಕಾದವರಿಗೆಲ್ಲ ಅತ್ತೆ ಕೊಡಬೇಕಾದ ನೀರಿಗೂ ಬಿಲ್ಲೆ ಕಟ್ಟಿದ. ಗುಂಡಿ ಒತ್ತಿದ. ಯಂತ್ರ ಒಂದೊಂದು ಬಿಲ್ಲೆ ಓದಿ, ಯಾರ ಹಿಂದೆಯೂ ಓಡದೆ, ತೆಪ್ಪಗೆ ಮುಗಿಸಿತು.

ಆದರೆ ಅತ್ತ ಕಡೆಯ ಯಂತ್ರ ತಗೊಳ್ಳಲಿಲ್ಲ. 'ಕೈಗಡ' ಎಂಬ ಹೆಸರಿನ ವಸ್ತು ತನಗೆ ಪರಿಚಯವಿಲ್ಲವೆಂದು ಹಿಂದಕ್ಕೆ ಕಳಿಸಿತು. ಭಾವ ಮತ್ತೆ ಕಳಿಸಿದ. ಅದು ಮತ್ತೆ ಹಿಂದಿರುಗಿಸಿತು. ಫೋನಿನಲ್ಲಿ ಸಾಹೇಬರು, "ನನ್ನ ಕಡೆ ಒಂದಕ್ಷರ ಬದಲಾಯಿಸಲ್ಲ" ಎಂದರು. ಭಾವ ಫೋನು ಇಟ್ಟು ಮತ್ತೆ ಕಳಿಸಿದ.

ಹೊಲದಲ್ಲಿ ನೀರು ಇಂಗಿ ಮೇಲ್ಮಣ್ಣು ಹೆಕ್ಕಳೆಗಟ್ಟತೊಡಗಿತ್ತು. ಮುಳುಗಿ ಉಳಿದ ಸಸಿಗಳು ಈಗ ಬಾಯಾರಿ ತಲೆ ಬಾಗಿಸಿದ್ದವು. ಅತ್ತೆಯ ತೂಬಿಗೆ ಸಾಹೇಬರ ಬೀಗ. ಆಗ ಮೇಷ್ಟ್ರು ಬಂದು ಅತ್ತೆಯ ಮನೆ ಬಾಗಿಲಲ್ಲಿ ನಿಂತರು.

"ನಾಳೆ ನಸುಕಿನದು ನನ್ನ ಸರದಿ. ನಿಮ್ಮ ಗಂಟೆ ವಾಪಸ್ ಕೊಡ್ತೀನಿ. ನನ್ನ ತೂಬಿಂದ ನನ್ನ ಹೊಲಕ್ಕೆ ಬರಲಿ, ಬದು ಕಡಿದು ನಿಮ್ಮ ಕಡೆ ಬಿಡ್ತೀನಿ. ಮಷೀನು ತೂಬು ನೋಡುತ್ತೆ, ಬದು ನೋಡಲ್ಲ."

"ಮೇಷ್ಟ್ರಾಗಿ ಹೀಗೆ ಹೇಳ್ಕೊಡ್ತೀರಾ?"

"ನಿವೃತ್ತ," ಎಂದರು ಮೇಷ್ಟ್ರು.

ನಸುಕಿನ ನೀರು ತಣ್ಣಗೆ ಬಂತು. ಅತ್ತೆ ಸಸಿಮಡಿಗೆ ಬೇಕಾದಷ್ಟೇ ಬಿಟ್ಟು ಮಡಿಯ ಬಾಯಿ ಕಟ್ಟಿದರು. ಉಳಿದ ನೀರನ್ನು ಏನು ಮಾಡುತ್ತೀರೆಂದು ಮೇಷ್ಟ್ರು ಕೇಳುವಷ್ಟರಲ್ಲಿ ಅವರು ಸಲಿಕೆ ಹೆಗಲಿಗಿಟ್ಟು ಬಸಿಗಾಲುವೆಯ ಗುಂಟ ಕೆಳಗಿಳಿದಿದ್ದರು. ಕ್ವಾರ್ಟರ್ಸಿನ ಕಾಂಪೌಂಡಿನ ಬುಡದಲ್ಲಿ ಮಳೆನೀರು ಹೋಗಲು ಬಿಟ್ಟ ತೂತೊಂದಿತ್ತು. ಅದರ ಮುಂದಿನ ಕಸ ಎಳೆದು ಹಾಕಿದರು.

ಸಾಹೇಬರು ಹಲ್ಲುಜ್ಜುತ್ತ ಹಿತ್ತಲಿಗೆ ಬಂದಾಗ ಟೊಮೇಟೊ ಗಿಡಗಳು ಪಾದ ಮುಳುಗಿಸಿ ನಿಂತಿದ್ದವು. ಕಾಂಪೌಂಡಿನ ಆಚೆ ನೀರುಗಂಟಿ ಒಂದು ಸಲ ಸೀಟಿ ಊದಿದ. ಗೋಡೆಯ ಮೇಲೆ ಊರಿನ ತಲೆಗಳು ಒಂದರ ಪಕ್ಕ ಒಂದು ಎದ್ದವು.

"ಟೊಮೇಟೊಗೆ ಜೀವ ಬಂತು, ಅಲ್ವಾ ಸಾಹೇಬ್ರೇ."

"ಒಂದೇ ರಾತ್ರೀಲಿ ಹಸಿರಾಯ್ತು ನೋಡಿ."

"ಇದು ಯಾವ ನಂಬರಿನ ಹೊಲ?" ಎಂದು ಗಿರಣಿಯವ ಕೂಗಿದ. ಅದು ಇಲಾಖೆಯ ಕಚೇರಿಯವರೆಗೂ ಕೇಳಿರಬೇಕು.

ಸಾಹೇಬರು ಬಾಯಲ್ಲಿನ ನೊರೆ ಉಗುಳಿದರು. "ಯಾರು ಬಿಟ್ಟಿದ್ದು ಈ ನೀರು? ನಾನು ಕೇಳಿರಲಿಲ್ಲ."

ಗೋಡೆಯಾಚೆ ಅತ್ತೆ ಸಲಿಕೆ ಊರಿ ನಿಂತಿದ್ದರು. "ಆವತ್ತು ನಾನೂ ಕೇಳಿರಲಿಲ್ಲ."

ಭಾವ ಹಿಂದಿನಿಂದ ಗಂಟಲು ಸರಿಮಾಡಿಕೊಂಡ.

"ನಿಮ್ಮ ಪಟ್ಟೀಲಿ ಹೇಗಿದೆಯೋ ಹಾಗೇ ಹೇಳಿ ಸಾಹೇಬ್ರೇ," ಎಂದರು ಅತ್ತೆ. "ಇದು ಅಕ್ರಮದ್ದಾ, ಕೈಗಡದ್ದಾ? ನೀವು ಏನಂತೀರೋ ನಂದೂ ಅದೇ."

ಸಾಹೇಬರು ಗಿಡ ನೋಡಿದರು, ಗೋಡೆ ನೋಡಿದರು, ಗೋಡೆಯ ಮೇಲಿನ ತಲೆಗಳನ್ನು ನೋಡಿದರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಕೈಗಡ ಅನ್ರೀ. ಅಂದು ಒಳಗೆ ಬನ್ನಿ, ಕಾಫಿ ಆರ್ತಿದೆ."

ಸಾಹೇಬರು ಒಳಗೆ ಹೋಗಿ ಕಾಫಿ ಕುಡಿದರು. ಕಚೇರಿಗೆ ಎಂದಿಗಿಂತ ಬೇಗ ಹೋದರು. ಬೆಳಗಿನಿಂದ ಭಾವ ಕಳಿಸುತ್ತಲೇ ಇದ್ದ, ಯಂತ್ರ ಹಿಂದಿರುಗಿಸುತ್ತಲೇ ಇತ್ತು. ಊಟದ ಹೊತ್ತಿಗೆ ಒಮ್ಮೆ ಹಿಂದಿರುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಕಟ್ಟು ಹೋದ ಹಾಗೆಯೇ ಬಂದಿತ್ತು. ಒಂದು ಬಿಲ್ಲೆಯೂ ಕಳಚಿರಲಿಲ್ಲ. ಅತ್ತೆಯ ಹೊಲದ ಮುಂದೆ ಅಕ್ರಮ ಎಂದಿದ್ದ ಕಡೆ ಕೈಗಡ ಎಂದಿತ್ತು. ಕೊನೆಯಲ್ಲಿ ಹೊಸದೊಂದು ಸಾಲು ಸೇರಿತ್ತು: ಕ್ವಾರ್ಟರ್ಸು, ಒಂದು ಗಂಟೆ, ಅದಕ್ಕೆ ಅತ್ತೆಯ ಬಿಲ್ಲೆ. ಅತ್ತೆಯ ತೂಬಿನ ಮೋಟಾರು ಒಮ್ಮೆ ಗೊರಗುಟ್ಟಿ ಬೀಗ ಬಿಟ್ಟಿತು.

ಫೋನು ಹೊಡೆದುಕೊಂಡಿತು. "ಬಂತು ಕಣ್ರೀ," ಎಂದರು ಸಾಹೇಬರು. "ಇದೇನು, ಸೀಟಿ ಅಂತಿದೆ? ಮೂರು ಅಂತ ತೋರಿಸ್ತಿದೆ."

"ನೀರುಗಂಟಿಗೆ ಹಸಿವಾಗಿದೆ, ಸಾರ್."

"ಊಟಕ್ಕೆ ಕಳಿಸಿ," ಎಂದು ಸಾಹೇಬರು ಫೋನು ಇಟ್ಟರು.

ಆಮೇಲೆ ಅತ್ತೆ ಏರಿಯ ಮೇಲೆ ಕಾದವರಿಗೆಲ್ಲ ನೀರು ತೀರಿಸಿದರು, ಒಬ್ಬೊಬ್ಬರಿಗೂ ನಸುಕಿನದೇ. ಅಂದು ಮೆಲ್ಲಗೆ ಮಾತಾಡಿದವರಿಗೆ ಎಲ್ಲರಿಗಿಂತ ಮೊದಲು ಕೊಟ್ಟರು. ಅವರು ಮುಖ ತಗ್ಗಿಸಿಕೊಂಡು ನೀರು ಕಟ್ಟಿದರು. ಮೆಣಸಿನ ಸಸಿ ಅರ್ಧ ಉಳಿಯಿತು; ಉಳಿದದ್ದನ್ನು ನಾಟಿ ಮಾಡಿದರು. ಮೇಲಿನ ಹೊಲದ ಹೆಂಗಸು ಬಂದು 'ಮಾತು' ಎಂಬಲ್ಲಿ 'ಇದೆ' ಎಂದು ಹಾಕಿಸಿ, ವಾರದಲ್ಲೇ ಮತ್ತೆ ಬಂದು ತೆಗೆಸಿದಳು.

ಸಾಹೇಬರ ಟೊಮೇಟೊ ಹಣ್ಣಾಯಿತು. ಒಂದು ಬುಟ್ಟಿ ಹಿಡಿದು ಅತ್ತೆಯ ಮನೆಗೆ ಬಂದರು.

"ಅಮ್ಮಾ, ಕ್ವಾರ್ಟರ್ಸಿಗೂ ಒಂದು ಸರದಿ ಮಂಜೂರು ಮಾಡಿಸ್ಕೊಂಡೆ. ನಿಮ್ಮ ಗಂಟೆ ವಾಪಸ್ ತಗೊಳ್ಳಿ. ನಸುಕಿನದೇ ಕೊಡ್ತೀನಿ."

"ಈಗ ಬೇಡ ಸಾಹೇಬ್ರೇ."

"ಯಾವಾಗ ಬೇಕು?"

"ಬೇಕಾದಾಗ ಕೇಳ್ತೀನಿ." ಟೊಮೇಟೊ ಒಂದು ಎತ್ತಿ ಬೆಳಕಿಗೆ ಹಿಡಿದು ನೋಡಿ, ಉಳಿದದ್ದನ್ನು ಬುಟ್ಟಿಯ ಸಮೇತ ಅವರ ಕೈಗೇ ಕೊಟ್ಟರು.

ಸಾಹೇಬರು ಮತ್ತೆ ಬಂದರು, ಮತ್ತೆ ಅದೇ ಉತ್ತರ. ಬೆಳಿಗ್ಗೆ ಕಚೇರಿಯಲ್ಲಿ ಯಂತ್ರ ಹಾಕಿದ ಕೂಡಲೇ ಕಾಣುವುದು ಅವರದೇ ಸಾಲು, ಅದರ ಕೊರಳಲ್ಲಿ ಅತ್ತೆಯ ಬಿಲ್ಲೆ. ಬೇಸಿಗೆ ಏರಿ, ಮೆಣಸಿನಕಾಯಿ ಕೆಂಪಾಗಿ, ಅಂಗಳದಲ್ಲಿ ಒಣಗಲು ಬಿತ್ತು. ಕಾಲುವೆ ನಿಲ್ಲಿಸುವ ದಿನ ಭಾವ ಊರಿನ ಕೈಗಡಗಳನ್ನೆಲ್ಲ ನೋಡಿಕೊಂಡು ಬಂದು, ಕಾಯಿ ಹರವುತ್ತಿದ್ದ ಅತ್ತೆಯ ಎದುರು ಕುಕ್ಕುರುಗಾಲಲ್ಲಿ ಕೂತ.

"ಅತ್ತೆ, ಈ ವರ್ಷದ್ದು ಎಲ್ಲರದೂ ಹೆಚ್ಚು ಕಡಿಮೆ ತೀರಿದೆ. ಗಿರಣಿಯವರದೂ ತೀರಿಸಿಬಿಟ್ರಿ. ಸಾಹೇಬರದೊಂದು ಉಳಿದಿದೆ. ಪಾಪ, ದಿನಾ ಫೋನ್ ಮಾಡ್ತಾರೆ. ಹೊಡೆದು ಹಾಕಿಬಿಡ್ಲಾ?"

ಅತ್ತೆ ಒಂದು ಕಾಯಿ ಎತ್ತಿ ಅಲುಗಿಸಿ, ಬೀಜ ಸದ್ದು ಮಾಡುತ್ತಿದೆಯೇ ಎಂದು ಕೇಳಿಸಿಕೊಂಡರು.

"ಇರಲಿ ಅಳಿಯಂದ್ರೇ. ಖಾಲಿ ಬಿಟ್ರೆ ಆ ಕಾಲಂ ಕಿತ್ತು ಹಾಕ್ತಾರೆ."